ನಸುಗುನ್ನಿ ಬೇಯಿಸುವ ಮೊದಲು ಮಾತ್ರೆಯ ಡಬ್ಬಿ ತೆರೆದು ನೋಡಿ

ಪ್ರಶ್ನೆ: ನನಗೆ 41 ವರ್ಷ. ಬದಿಯಡ್ಕದ ಹತ್ತಿರ ಅಡಿಕೆ ಕೃಷಿ. ನಾಲ್ಕು ವರ್ಷದಿಂದ ಬಿಪಿಗೆ ಅಮ್ಲೋಡಿಪಿನ್, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುತ್ತಿದ್ದೇನೆ. ಗ್ಯಾಸ್ಟ್ರಿಕ್‌ಗೆಂದು ಎರಡು ವರ್ಷದಿಂದ ದಿನಾ ಬೆಳಿಗ್ಗೆ ಒಂದು ಕ್ಯಾಪ್ಸೂಲ್. ಅದರ ಮೇಲೆ ಪ್ಯಾಂಟೊಪ್ರಜೋಲ್, ಡೊಂಪೆರಿಡೋನ್ ಎಂದು ಬರೆದಿದೆ. ಒಂದು ವರ್ಷದಿಂದ ಆಸಕ್ತಿಯೇ ಕಡಿಮೆಯಾಗಿದೆ, ನಿಮಿರುವಿಕೆ ಬಂದರೂ ನಿಲ್ಲುವುದಿಲ್ಲ. ದೊಡ್ಡವನಿಗೆ ಒಂಬತ್ತು ವರ್ಷ, ಇನ್ನೊಂದು ಮಗು ಬೇಕೆಂದಿದೆ. ವೀರ್ಯ ಪರೀಕ್ಷೆ ಒಮ್ಮೆ ಮಾಡಿಸಿದಾಗ ಮಿಲಿಲೀಟರಿಗೆ 12 ಮಿಲಿಯನ್ ಎಂದು ಬಂತು. ನಮ್ಮ ಗುಡ್ಡೆಯಲ್ಲಿ ನಸುಗುನ್ನಿ ಬಳ್ಳಿ ಈಗ ನವೆಂಬರಿನಲ್ಲಿ ಹೂ ಬಿಟ್ಟು ಎಳೆಕಾಯಿ ಹಿಡಿದಿದೆ. ಬೀಜದ ಪುಡಿ ದೊಡ್ಡ ಚಮಚದಲ್ಲಿ ಎರಡು ಚಮಚ ಹಾಲಿಗೆ ಹಾಕಿ ಕುಡಿದರೆ ಸರಿಯಾಗುತ್ತದೆ ಎಂದು ನೆರೆಯ ಹಿರಿಯರೊಬ್ಬರು ಹೇಳಿದರು. ಹೌದೇ? ಶುದ್ಧಿ ಮಾಡುವುದು ಹೇಗೆ, ಎಷ್ಟು ದಿನ ತಿನ್ನಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಬಳ್ಳಿಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಆ ಬೆಳಗಿನ ಕ್ಯಾಪ್ಸೂಲು. ಡೊಂಪೆರಿಡೋನ್ ವಾಂತಿ ತಡೆಯುವ, ಹೊಟ್ಟೆಯ ಚಲನೆ ಹೆಚ್ಚಿಸುವ ಮದ್ದು. ಅದು ಕೆಲಸ ಮಾಡುವುದು ಡೊಪಮೈನ್ ಎಂಬ ರಾಸಾಯನಿಕವನ್ನು ತಡೆದು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಅತಿಯಾಗಿ ಸುರಿಯದಂತೆ ಹಿಡಿದಿಡುವುದೂ ಇದೇ ಡೊಪಮೈನ್. ಹಿಡಿತ ಸಡಿಲವಾದರೆ ಪ್ರೊಲ್ಯಾಕ್ಟಿನ್ ಏರುತ್ತದೆ, ಅದು ಏರಿದ ಗಂಡಸರಲ್ಲಿ ಗಂಡಸುತನದ ಹಾರ್ಮೋನಾದ ಟೆಸ್ಟೊಸ್ಟೆರೋನ್ ಇಳಿಯುತ್ತದೆ, ಆಸೆ ಕುಂದುತ್ತದೆ, ನಿಮಿರುವಿಕೆ ಸಡಿಲವಾಗುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ. ನೀವು ಬರೆದ ಮೂರು ತೊಂದರೆಗಳೂ ಇದರೊಳಗೇ ಬಂದವು. ಕೆಲವು ದಿನಕ್ಕೆಂದು ಬರೆದುಕೊಟ್ಟ ಈ ಜೋಡಿ ಕ್ಯಾಪ್ಸೂಲನ್ನು ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗುವವರು ನಮ್ಮಲ್ಲಿ ಬಹಳ. ಅದರೊಳಗೆ ಎರಡು ಮದ್ದು ಇದೆ ಎಂಬುದೇ ಹಲವರಿಗೆ ಗೊತ್ತಿರುವುದಿಲ್ಲ.

ನಸುಗುನ್ನಿ ಏನು ಮಾಡುತ್ತದೆ ನೋಡಿ. ಅದರ ಬೀಜದಲ್ಲಿ ಎಲ್-ಡೋಪಾ ಎಂಬ ವಸ್ತು ಸಾಮಾನ್ಯವಾಗಿ ತೂಕದ ಶೇ. 3ರಿಂದ 6ರಷ್ಟಿದೆ. ದೇಹದೊಳಗೆ ಹೋದ ಎಲ್-ಡೋಪಾ ಡೊಪಮೈನ್ ಆಗಿ ಬದಲಾಗುತ್ತದೆ. ಅಂದರೆ ಬೆಳಿಗ್ಗೆ ಡೊಪಮೈನ್ ತಡೆಯುವ ಕ್ಯಾಪ್ಸೂಲು, ಅನಂತರ ಡೊಪಮೈನ್ ಹೆಚ್ಚಿಸುವ ಬೀಜ. ಒಂದು ಕೈಯಲ್ಲಿ ತೋಡಿಗೆ ಕಟ್ಟ ಕಟ್ಟಿ ಇನ್ನೊಂದು ಕೈಯಲ್ಲಿ ಪಂಪು ಹಾಕಿದ ಹಾಗೆ. ಆದ್ದರಿಂದ ಮೊದಲ ಕೆಲಸ ಕಟ್ಟ ಬಿಚ್ಚುವುದು. ನಿಮ್ಮ ವೈದ್ಯರಿಗೆ ಕ್ಯಾಪ್ಸೂಲಿನ ಪಟ್ಟಿ ತೋರಿಸಿ, ಡೊಂಪೆರಿಡೋನ್ ಇನ್ನೂ ಬೇಕೇ, ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಒಂದೇ ಸಾಕೇ, ಅಥವಾ ಅದೂ ಬೇಡವೇ ಎಂದು ಕೇಳಿ. ಬಿಪಿ, ಸಕ್ಕರೆಯ ಮಾತ್ರೆಗಳನ್ನು ಮಾತ್ರ ಸ್ವಂತ ತೀರ್ಮಾನದಿಂದ ನಿಲ್ಲಿಸಬೇಡಿ.

ಪ್ರೊಲ್ಯಾಕ್ಟಿನ್ ಪರೀಕ್ಷೆಯನ್ನು ನಸುಗುನ್ನಿ ತಿನ್ನಲು ಶುರುಮಾಡುವ ಮೊದಲೇ ಮಾಡಿಸಬೇಕು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪ್ರೊಲ್ಯಾಕ್ಟಿನ್ ಏರುವುದಕ್ಕೆ ಮಾತ್ರೆಯಲ್ಲದೆ ಪಿಟ್ಯುಟರಿಯ ಸಣ್ಣ ಗಡ್ಡೆಯೂ ಕಾರಣವಾಗಬಹುದು. ನಸುಗುನ್ನಿ ತಿಂದ ಮೇಲೆ ರಕ್ತ ಕೊಟ್ಟರೆ ಅಂಕಿ ತಗ್ಗಿ, ಎಲ್ಲ ಸರಿಯಿದೆ ಎಂಬ ವರದಿ ಬರಬಹುದು. ಗಡ್ಡೆ ಅಲ್ಲೇ ಬೆಳೆಯುತ್ತಿರುತ್ತದೆ. ಗಂಡಸರಲ್ಲಿ ಪ್ರೊಲ್ಯಾಕ್ಟಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 15-20 ನ್ಯಾನೊಗ್ರಾಂ ಒಳಗಿರುತ್ತದೆ. ಏರಿದ್ದರೆ, ವೈದ್ಯರ ಒಪ್ಪಿಗೆಯಿಂದ ಡೊಂಪೆರಿಡೋನ್ ಮೂರು ದಿನವಾದರೂ ನಿಲ್ಲಿಸಿ ಮತ್ತೆ ನೋಡುವುದು ಕ್ರಮ. ಇಳಿದರೆ ಕಾರಣ ಸಿಕ್ಕಿತು. ಇಳಿಯದಿದ್ದರೆ, ಅದರಲ್ಲೂ ತಲೆನೋವು ಅಥವಾ ಪಕ್ಕದ ನೋಟ ಮಸುಕಾಗುವುದು ಇದ್ದರೆ, ತಲೆಯ ಸ್ಕ್ಯಾನ್ ಬೇಕಾಗುತ್ತದೆ.

ಎರಡನೆಯದು ನಿಮಿರುವಿಕೆಯ ಮಾತು. ನಸುಗುನ್ನಿ ನಿಮಿರುವಿಕೆಯ ಮದ್ದು ಎಂಬ ನಂಬಿಕೆಯೇ ಸರಿಯಲ್ಲ. ನಿಮಿರುವಿಕೆ ರಕ್ತನಾಳ ಮತ್ತು ನರದ ಕೆಲಸ. ಶಿಶ್ನದ ರಕ್ತನಾಳ ಸುಮಾರು 1-2 ಮಿಲಿಮೀಟರ್, ಹೃದಯದ ರಕ್ತನಾಳ 3-4 ಮಿಲಿಮೀಟರ್. ಜಿಡ್ಡು ಕಟ್ಟತೊಡಗಿದಾಗ ಸಪೂರ ನಾಳ ಮೊದಲು ಬಳಲುತ್ತದೆ. ಹಾಗಾಗಿ ಬಿಪಿ, ಸಕ್ಕರೆ ಇರುವ ನಲವತ್ತರ ಗಂಡಸಿಗೆ ಇದು ಹೃದಯದ ಕಡೆಯಿಂದ ಕೆಲವು ವರ್ಷ ಮುಂಚೆ ಬಂದ ಸೂಚನೆಯೂ ಆಗಿರಬಹುದು. ಬೆಳಗ್ಗಿನ ಜಾವ ತಾನಾಗಿ ನಿಮಿರುವುದು ಈಗಲೂ ಗಟ್ಟಿಯಾಗಿದೆಯೇ ಎಂದು ಗಮನಿಸಿ. ಇದ್ದರೆ ನಾಳ-ನರ ಹೆಚ್ಚುಕಡಿಮೆ ಸರಿಯಿವೆ, ಆತಂಕ, ನಿದ್ದೆಗೇಡು, ಮನೆಯ ಚಿಂತೆಗಳ ಕಡೆ ನೋಡಬೇಕು. ಅದೂ ಇಲ್ಲವಾಗಿದ್ದರೆ ದೇಹದ ಕಾರಣವೇ ಹೆಚ್ಚು ಸಂಭವ. ಗುಡ್ಡೆ ಹತ್ತುವಾಗ ಎದೆ ಹಿಡಿದಂತಾಗುವುದಿದ್ದರೆ ಯಾವ ಮದ್ದಿಗೂ ಮೊದಲು ಹೃದಯದ ಪರೀಕ್ಷೆ.

ಒಂದೇ ಸಲ ರಕ್ತ ಕೊಟ್ಟು ನೋಡಬೇಕಾದ್ದು: ಬರಿಹೊಟ್ಟೆಯ ಸಕ್ಕರೆ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟರಾಲ್, ಥೈರಾಯ್ಡಿನ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಟೆಸ್ಟೊಸ್ಟೆರೋನ್. ಟೆಸ್ಟೊಸ್ಟೆರೋನ್ ಬೆಳಿಗ್ಗೆ ಹತ್ತು ಗಂಟೆಯೊಳಗೆ ಕೊಡಬೇಕು. ಮಧ್ಯಾಹ್ನಕ್ಕೆ ಅದು ತಾನಾಗಿ ಇಳಿಯುತ್ತದೆ, ಸುಮ್ಮನೆ ಕೊರತೆಯೆಂದು ಕಾಣುತ್ತದೆ. ಬಿ12 ಕೂಡ ಸೇರಿಸಿ. ಮೆಟ್‌ಫಾರ್ಮಿನ್ ಮತ್ತು ಪ್ಯಾಂಟೊಪ್ರಜೋಲ್ ಎರಡೂ ವರ್ಷಗಟ್ಟಲೆ ತಿಂದರೆ ಬಿ12 ಇಳಿಯುತ್ತದೆ, ಅದರ ಕೊರತೆ ನರವನ್ನು ಕೆಡಿಸುತ್ತದೆ. ಕಾಲು ಜೋಮು ಹಿಡಿಯುವುದಿದ್ದರೆ ಖಂಡಿತ ನೋಡಿ.

ವೀರ್ಯ ಪರೀಕ್ಷೆ ಒಂದೇ ಸಲ ಮಾಡಿಸಿದ್ದು ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಗಡಿ ಮಿಲಿಲೀಟರಿಗೆ 16 ಮಿಲಿಯನ್, ಒಟ್ಟು ಚಲನೆ ಶೇ. 42. ನಿಮ್ಮ 12 ಗಡಿಗಿಂತ ಸ್ವಲ್ಪ ಕೆಳಗೆ. ಮಗುವಾಗದು ಎಂದು ಅದರ ಅರ್ಥವಲ್ಲ. ಎರಡರಿಂದ ಏಳು ದಿನದ ಸಂಯಮದ ನಂತರ, ಒಂದು ತೊಟ್ಟೂ ಚೆಲ್ಲದಂತೆ ಕೊಟ್ಟದ್ದೇ ಲೆಕ್ಕಕ್ಕೆ ಬರುತ್ತದೆ. ಹಿಂದಿನ ಮೂರು ತಿಂಗಳಲ್ಲಿ ಜೋರು ಜ್ವರ ಬಂದಿದ್ದರೂ ಸಂಖ್ಯೆ ಇಳಿಯುತ್ತದೆ. ವೃಷಣದ ಮೇಲೆ ಉಬ್ಬಿದ ರಕ್ತನಾಳವಿದೆಯೇ ಎಂದು ವೈದ್ಯರು ಕೈಯಿಂದ ಮುಟ್ಟಿ ನೋಡಲಿ. ಇದ್ದರೆ ಅದಕ್ಕೆ ಬೇರೆ ಚಿಕಿತ್ಸೆಯಿದೆ, ಬೀಜದ ಪುಡಿಯಿಂದ ಅದು ಹೋಗದು. ಇನ್ನೊಂದು ಮಾತು ನಮ್ಮ ಕಾಸರಗೋಡು ಸೀಮೆಗೆ ಸೇರಿದ್ದು. 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳಲ್ಲಿ ನೀವು ಬೆಳೆದವರಾದರೆ ಅದನ್ನು ವೈದ್ಯರಿಗೆ ಹೇಳಿ. ಅಂಥದೇ ಊರಾದ ಪಡ್ರೆಯ ಹುಡುಗರಲ್ಲಿ ಪ್ರೌಢತೆ ತಡವಾದುದನ್ನು 2003ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. ದೂರದೂರಿನ ವೈದ್ಯರು ಇದನ್ನು ತಾವಾಗಿ ಕೇಳಲಿಕ್ಕಿಲ್ಲ.

ಇನ್ನು ನಸುಗುನ್ನಿ. ಆಯುರ್ವೇದದ ಎಂಟು ಅಂಗಗಳಲ್ಲಿ ಒಂದಾದ ವಾಜೀಕರಣದಲ್ಲಿ ಕಪಿಕಚ್ಛು, ಆತ್ಮಗುಪ್ತಾ ಎಂಬ ಹೆಸರಿನಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ, ಆ ಗೌರವ ಪೊಳ್ಳಲ್ಲ. ಲಕ್ನೋದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಂತಾನ ಸಮಸ್ಯೆಯ 75 ಗಂಡಸರಿಗೆ ದಿನಕ್ಕೆ 5 ಗ್ರಾಂ ಬೀಜದ ಪುಡಿಯನ್ನು ಮೂರು ತಿಂಗಳು ಕೊಟ್ಟರು. ಪ್ರೊಲ್ಯಾಕ್ಟಿನ್ ಇಳಿಯಿತು, ಟೆಸ್ಟೊಸ್ಟೆರೋನ್ ಏರಿತು, ವೀರ್ಯಾಣುವಿನ ಸಂಖ್ಯೆ, ಚಲನೆ ಸುಧಾರಿಸಿತು. ಆದರೆ ಅದು ಹುಸಿಮದ್ದು ಕೊಟ್ಟ ಇನ್ನೊಂದು ಗುಂಪಿನೊಡನೆ ಹೋಲಿಸಿ ನೋಡಿದ್ದಲ್ಲ. ಅಳೆದದ್ದು ವೀರ್ಯ ಮತ್ತು ಹಾರ್ಮೋನು, ನಿಮಿರುವಿಕೆಯನ್ನಲ್ಲ. ಹಾಗಾಗಿ ಆಸೆಗೆ ಮತ್ತು ವೀರ್ಯಕ್ಕೆ ಒತ್ತಾಸೆಯಾಗಿ ಮೂರು ತಿಂಗಳು ಪ್ರಯತ್ನಿಸಬಹುದಾದ ಮದ್ದು ಎನ್ನುವಷ್ಟನ್ನು ಧೈರ್ಯವಾಗಿ ಹೇಳಬಹುದು. ಮೂರು ತಿಂಗಳು ಯಾಕೆಂದರೆ ಒಂದು ವೀರ್ಯಾಣು ಹುಟ್ಟಿ ಬಲಿಯಲು ಸುಮಾರು 74 ದಿನ, ಹೊರಬರುವ ದಾರಿ ಕ್ರಮಿಸಲು ಮತ್ತೆ ಕೆಲವು ದಿನ. ಹದಿನೈದು ದಿನ ತಿಂದು ಏನೂ ಆಗಲಿಲ್ಲ ಎನ್ನುವುದೂ, ತಿಂದ ರಾತ್ರಿಯೇ ಗುಣ ಕಂಡಿತು ಎನ್ನುವುದೂ ಈ ಲೆಕ್ಕಕ್ಕೆ ಹೊಂದುವುದಿಲ್ಲ.

ಗುಡ್ಡೆಯ ಬಳ್ಳಿ ನಸುಗುನ್ನಿಯೇ ಹೌದೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ರಬ್ಬರ್ ತೋಟಗಳಲ್ಲಿ ಕಳೆ ಬಾರದಂತೆ, ಮಣ್ಣು ಕೊಚ್ಚಿಹೋಗದಂತೆ ಹಬ್ಬಿಸುವ ಹೊದಿಕೆ ಬಳ್ಳಿಯೂ ಇದೇ ಕುಲದ್ದು. ಅದಕ್ಕೂ ಮೂರೆಲೆ, ನೇರಳೆ ಹೂ. ತೋಟದಿಂದ ಹರಿದು ಪಕ್ಕದ ಗುಡ್ಡೆಗೂ ಬರುತ್ತದೆ. ಅದು ಬೇರೆ ಜಾತಿ, ಮದ್ದಿಗೆ ಬಳಸುವುದಲ್ಲ. ನಸುಗುನ್ನಿಯ ಕಾಯಿ ಇಂಗ್ಲಿಷಿನ ಎಸ್ ಅಕ್ಷರದಂತೆ ತುದಿಯಲ್ಲಿ ತಿರುಚಿರುತ್ತದೆ, ಒಂದು ಬೆರಳಿನಷ್ಟು ಉದ್ದ, ಮೈತುಂಬ ತುಕ್ಕಿನ ಬಣ್ಣದ ರೋಮ. ಒಳಗೆ ನಾಲ್ಕರಿಂದ ಆರು ಬೀಜ. ಕಪ್ಪು ಅಥವಾ ಕಂದು, ಮಿನುಗುವ ನಯವಾದ ಸಿಪ್ಪೆ. ಬಳ್ಳಿ ಯಾವುದೆಂದು ಸಂಶಯ ಬಂದರೆ ಪಂಚಾಯತಿನ ಆಯುರ್ವೇದ ಡಿಸ್ಪೆನ್ಸರಿಯ ವೈದ್ಯರಿಗೆ ಕಾಯಿಯ ಫೋಟೊ ತೋರಿಸಿ. ಕಾಸರಗೋಡಿನ ಮದ್ದಿನ ಅಂಗಡಿಗಳಲ್ಲಿ ಇದನ್ನು ಮಲಯಾಳದ ಹೆಸರಿನಿಂದ ಕೇಳಬೇಕು: ನಾಯ್ಕುರಣ. ಸಿಪ್ಪೆ ತೆಗೆದ ಬೇಳೆಗೆ ನಾಯ್ಕುರಣ ಪರಿಪ್ಪ್ ಎನ್ನುತ್ತಾರೆ. ಕೊಳ್ಳುವುದಾದರೆ ಪುಡಿ ಬೇಡ, ಇಡೀ ಬೀಜ ಕೊಳ್ಳಿ. ಪುಡಿಯಲ್ಲಿ ಏನು ಬೆರೆಸಿದೆ ಎಂದು ಕಣ್ಣಿಗೆ ಕಾಣದು.

ಕಾಯಿ ಕೊಯ್ಯಬೇಕಾದ್ದು ಅದು ಒಣಗಿ ಕಪ್ಪಾಗುವ ಹೊತ್ತಿಗೆ, ಹೆಚ್ಚಾಗಿ ಡಿಸೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ, ಒಡೆದು ಬೀಜ ಸಿಡಿಯುವ ಮೊದಲು. ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಹೋಗಿ, ಇಲ್ಲದಿದ್ದರೆ ಸ್ಪ್ರೇಯರಿನಿಂದ ನೀರು ಸಿಂಪಡಿಸಿ ಕೊಯ್ಯಿರಿ. ಒದ್ದೆ ರೋಮ ಹಾರುವುದಿಲ್ಲ. ತುಂಬುತೋಳಿನ ಅಂಗಿ, ಕೈಗವಸು, ಕನ್ನಡಕ ಬೇಕು, ಗಾಳಿಗೆ ಬೆನ್ನು ಹಾಕಿ ನಿಲ್ಲಬೇಕು. ರೋಮದಲ್ಲಿರುವ ಮ್ಯೂಕುನೇನ್ ಎಂಬ ಕಿಣ್ವ ಚರ್ಮ ಸೇರಿ ತುರಿಸುತ್ತದೆ. ತಾಗಿದರೆ ಉಜ್ಜಬೇಡಿ, ಬೈರಾಸಿನಿಂದ ಒರೆಸಲೂಬೇಡಿ. ರೋಮ ಇನ್ನೂ ಆಳಕ್ಕೆ ಇಳಿಯುತ್ತದೆ. ಅಂಟುಪಟ್ಟಿ, ಅಂದರೆ ಸೆಲೊಟೇಪ್, ಒತ್ತಿ ಎಳೆದು ರೋಮ ಕಿತ್ತು, ಅನಂತರ ಸಾಬೂನಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ಧಾರಾಳ ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಿ.

ಒಮ್ಮೆಗೆ 125 ಗ್ರಾಂ ಬೀಜ ಸಾಕು, ಹೆಚ್ಚುಕಡಿಮೆ 100 ಗ್ರಾಂ ಪುಡಿ ಸಿಗುತ್ತದೆ, ಒಂದು ತಿಂಗಳಿಗೆ ಬರುತ್ತದೆ. ನೀರಿಗೆ ಹಾಕಿ ತೇಲುವುದನ್ನು ಎಸೆಯಿರಿ. ತೂತುಬಿದ್ದ, ಬೂಷ್ಟು ವಾಸನೆಯ ಬೀಜವೂ ಬೇಡ. ತೊಳೆದ ಬೀಜವನ್ನು ಬಿಳಿ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ. ಬೆಂದಾಗ ಬೀಜ ಎರಡು ಪಾಲು ಉಬ್ಬುತ್ತದೆ, ಬಿಗಿಯಾಗಿದ್ದರೆ ನಡುವಿನ ಬೀಜ ಬೇಯುವುದೇ ಇಲ್ಲ. ಸ್ಟೀಲ್ ಪಾತ್ರೆಯ ಬಾಯಿಗೆ ಅಡ್ಡವಾಗಿ ಒಂದು ಕೋಲಿಟ್ಟು, ತಳ ಮುಟ್ಟದ ಹಾಗೆ ಗಂಟನ್ನು ತೂಗುಹಾಕಿ. ವೈದ್ಯರು ದೋಲಾಯಂತ್ರ ಎನ್ನುವುದು ಇದಕ್ಕೇ. ತಳ ಮುಟ್ಟಿದರೆ ಹಾಲು ಹಿಡಿದು ಬೀಜ ಸೀಯುತ್ತದೆ. ಕಬ್ಬಿಣದ ಬಾಣಲೆ ಬೇಡ, ಕಬ್ಬಿಣ ಎಲ್-ಡೋಪಾದೊಡನೆ ಸೇರಿ ಅದನ್ನು ಕಟ್ಟಿಹಾಕುತ್ತದೆ, ಬೀಜವೂ ಮಸಿಯಂತೆ ಕಪ್ಪಾಗುತ್ತದೆ. ಗಂಟು ಮುಳುಗುವಷ್ಟು ಹಸುವಿನ ಹಾಲು, ಸುಮಾರು ಒಂದು ಲೀಟರ್, ಹೊಯ್ದು ಸಣ್ಣ ಉರಿಯಲ್ಲಿ ಮೂರು ಗಂಟೆ ಬೇಯಿಸಿ. ಹಾಲು ಇಳಿದಂತೆ ಬಿಸಿ ಹಾಲನ್ನೇ ಸೇರಿಸುತ್ತಾ ಇರಿ, ತಣ್ಣಗಿನದು ಹಾಕಿದರೆ ಬೇಯುವುದು ನಿಲ್ಲುತ್ತದೆ.

ಬೆಂದ ಮೇಲೆ ಆ ಹಾಲನ್ನು ಚೆಲ್ಲಬೇಕು. ಪೌಷ್ಟಿಕವೆಂದು ಕುಡಿಯುವವರಿದ್ದಾರೆ, ಕುಡಿಯಬಾರದು. ಬೀಜದಿಂದ ಬಿಟ್ಟುಬಂದದ್ದು ಅದರಲ್ಲಿದೆ, ಎಷ್ಟೆಂದು ಲೆಕ್ಕವಿಲ್ಲ. ಕರುವಿಗೂ ಹಾಕಬೇಡಿ. ಬೀಜವನ್ನು ಬಿಸಿನೀರಿನಲ್ಲಿ ತೊಳೆದು, ಬಿಸಿ ಇರುವಾಗಲೇ ಹಿಚುಕಿ ಸಿಪ್ಪೆ ಕಳಚಿ. ಆರಿದರೆ ಸಿಪ್ಪೆ ಕಚ್ಚಿಕೊಳ್ಳುತ್ತದೆ, ಸಿಪ್ಪೆಯುಳಿದ ಪುಡಿ ಒಗರಾಗಿ ಮಲಬದ್ಧತೆ ತರುತ್ತದೆ. ಎರಡು ಹೋಳು ಮಾಡಿ ಎರಡು-ಮೂರು ಬಿಸಿಲಿನಲ್ಲಿ, ಅಡಿಕೆಯಿಂದ ದೂರ, ಬಟ್ಟೆ ಮುಚ್ಚಿ ಒಣಗಿಸಿ. ಕುಟ್ಟಿದರೆ ಪಟ್ಟನೆ ಒಡೆಯಬೇಕು. ಬಗ್ಗಿದರೆ ಇನ್ನೂ ಹಸಿ. ಮಿಕ್ಸಿಯಲ್ಲಿ ಪುಡಿ ಮಾಡಿ, ಜರಡಿ ಹಿಡಿದು, ಗಾಳಿ ಹೋಗದ ಬಾಟಲಿಯಲ್ಲಿ ಕತ್ತಲಲ್ಲಿಡಿ. ಪುಡಿ ಕೆನೆಬಣ್ಣಕ್ಕಿರುತ್ತದೆ. ಗಾಳಿ, ತೇವ ತಾಗಿದರೆ ಎಲ್-ಡೋಪಾ ಕೆಟ್ಟು ಕಪ್ಪಾಗುತ್ತದೆ, ಅಂಥದ್ದನ್ನು ಎಸೆಯುವುದೇ ಸರಿ. ನಮ್ಮ ಮಳೆಗಾಲದಲ್ಲಿ ಇದನ್ನು ಮಾಡಲು ಹೋಗಬೇಡಿ, ಬೀಜ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಇಷ್ಟೆಲ್ಲ ಶುದ್ಧಿ ಯಾಕೆಂದರೆ ಹಸಿ ಬೀಜದಲ್ಲಿ ಜೀರ್ಣಕ್ರಿಯೆಯನ್ನು ತಡೆಯುವ ಅಂಶಗಳಿವೆ. ಹೊಟ್ಟೆಯುಬ್ಬರ, ವಾಂತಿ, ಭೇದಿ ಅದರಿಂದಲೂ ಬರುತ್ತದೆ, ಗ್ಯಾಸ್ಟ್ರಿಕ್ ಇರುವ ನಿಮಗಂತೂ ಖಂಡಿತ ಆಗದು.

ಈಗ ಪ್ರಮಾಣ. ದೊಡ್ಡ ಚಮಚದಲ್ಲಿ ಗೋಪುರವಾಗಿ ಎರಡು ಚಮಚವೆಂದರೆ ಸುಮಾರು 20 ಗ್ರಾಂ. ಶೇ. 5ರ ಲೆಕ್ಕದಲ್ಲಿ ಅದರಲ್ಲಿ 1,000 ಮಿಲಿಗ್ರಾಂ ಎಲ್-ಡೋಪಾ. ಕಂಪವಾತದ, ಅಂದರೆ ಪಾರ್ಕಿನ್ಸನ್ ಕಾಯಿಲೆಯ, ರೋಗಿಗಳ ಮೇಲಿನ ಪ್ರಯೋಗಗಳಲ್ಲಿ, ವೈದ್ಯರು ಪಕ್ಕದಲ್ಲಿದ್ದು ಕೊಟ್ಟದ್ದು ಇಂಥ ಪ್ರಮಾಣ. ಆರೋಗ್ಯವಂತ ಮನುಷ್ಯ ಅಷ್ಟು ನುಂಗಿದರೆ ಹೊಟ್ಟೆ ತೊಳಸಿ ವಾಂತಿ, ಎದೆಬಡಿತ, ಎದ್ದು ನಿಂತರೆ ತಲೆಸುತ್ತು ಬರಬಹುದು. ಅತಿಯಾದರೆ ಬುದ್ಧಿಭ್ರಮಣೆ. 1989ರಲ್ಲಿ ಮೊಜಾಂಬಿಕ್‌ನಲ್ಲಿ ಬರಗಾಲದ ದಿನಗಳಲ್ಲಿ ಇದೇ ಬೀಜವನ್ನು ಹಸಿವಿಗೆ ತಿಂದ ಇನ್ನೂರಕ್ಕೂ ಹೆಚ್ಚು ಮಂದಿಗೆ ಹಾಗಾಯಿತು. ನೆರೆಯ ಹಿರಿಯರು ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾರೆ, ಆದರೆ ಚಮಚದ ಅಳತೆ ಮಾತ್ರ ಒಪ್ಪುವಂಥದ್ದಲ್ಲ.

ಆಯುರ್ವೇದದ ಸರಕಾರಿ ಔಷಧಕೋಶ ಹೇಳುವ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ. ನಿಮ್ಮ ಮಾತ್ರೆಗಳನ್ನು ನೋಡಿದರೆ ಮೊದಲ ವಾರ ಒಂದೂವರೆ ಗ್ರಾಂ, ತೊಂದರೆಯಿಲ್ಲದಿದ್ದರೆ ಅನಂತರ 3 ಗ್ರಾಂ, ಅಲ್ಲಿಗೇ ನಿಲ್ಲಿಸಿ. ಚಹಾ ಚಮಚದಲ್ಲಿ ಸಮತಟ್ಟಾಗಿ ಒಂದು ಚಮಚ ಹೆಚ್ಚುಕಡಿಮೆ 3 ಗ್ರಾಂ. ಗ್ರಾಂ ತೋರಿಸುವ ಸಣ್ಣ ತಕ್ಕಡಿಯಿದ್ದರೆ ಒಮ್ಮೆ ತೂಗಿ ನೋಡಿಕೊಳ್ಳಿ. ಬೆಳಗಿನ ತಿಂಡಿಯ ನಂತರ ಅರ್ಧ ಲೋಟ ಬಿಸಿ ಹಾಲಿನಲ್ಲಿ ಕದಡಿ ಕುಡಿಯಿರಿ. ಸಕ್ಕರೆ, ಬೆಲ್ಲ, ಜೇನು ನಿಮಗೆ ಬೇಡ. ಶಾಸ್ತ್ರದಲ್ಲಿ ಬರುವ, ಇದೇ ಬೀಜದ ವಾನರೀ ಗುಟಿಕೆಯನ್ನು ತುಪ್ಪದಲ್ಲಿ ಕರಿದು ಸಕ್ಕರೆ ಪಾಕದಲ್ಲಿ ಅದ್ದುತ್ತಾರೆ, ಮಧುಮೇಹಿಗೆ ಅದು ಹೇಳಿದ ಮದ್ದಲ್ಲ. ರಾತ್ರಿ ಕುಡಿದರೆ ಕೆಲವರಿಗೆ ನಿದ್ದೆ ಹಾರುತ್ತದೆ. ಕಬ್ಬಿಣದ ಮಾತ್ರೆ ತಿನ್ನುತ್ತಿದ್ದರೆ ಎರಡು ಗಂಟೆ ಅಂತರವಿರಲಿ.

ಮೊದಲ ಎರಡು ವಾರ ಬಿಪಿಯನ್ನು ಕುಳಿತು ಒಮ್ಮೆ, ಎದ್ದು ಒಂದು ನಿಮಿಷ ನಿಂತು ಒಮ್ಮೆ ನೋಡಿ. ನಿಂತಾಗ ಮೇಲಿನ ಅಂಕಿ 20ರಷ್ಟು ಇಳಿದರೆ ಪುಡಿ ನಿಲ್ಲಿಸಿ ವೈದ್ಯರನ್ನು ಕಾಣಿ. ಕೊಯ್ಲಿಗೆ ಏಣಿ ಹತ್ತುವವರಿಗೆ ಆ ತಲೆಸುತ್ತು ಪ್ರಾಣಾಪಾಯ. ನಸುಗುನ್ನಿ ಸಕ್ಕರೆಯನ್ನೂ ಸ್ವಲ್ಪ ಇಳಿಸಬಹುದು. ಬರೀ ಮೆಟ್‌ಫಾರ್ಮಿನ್ ಇದ್ದರೆ ಅಪಾಯ ಕಡಿಮೆ, ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜೊತೆಗಿದ್ದರೆ ವಾರಕ್ಕೆ ಎರಡು ಸಲ ಸಕ್ಕರೆ ನೋಡಬೇಕು. ಕಂಪವಾತಕ್ಕೆ, ಮಾನಸಿಕ ಕಾಯಿಲೆಗೆ ಮಾತ್ರೆ ತಿನ್ನುವವರು, ಹೃದಯದ ಲಯ ತಪ್ಪುವವರು, ಹೊಟ್ಟೆಹುಣ್ಣು ಇರುವವರು, ಕಣ್ಣಿನ ಒತ್ತಡದ ಗ್ಲಾಕೋಮಾ ಇರುವವರು, ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಬಂದವರು ಇದನ್ನು ಮುಟ್ಟಲೇಬಾರದು. ಅಶ್ವಗಂಧ, ನೆಗ್ಗಿಲು, ಮುಸಲಿ ಎಲ್ಲ ಸೇರಿಸಿ ಕೊಡುವ ಮಿಶ್ರಣದ ಆಸೆಗೆ ಹೋಗಬೇಡಿ. ಏನಾದರೂ ಆದಾಗ ಯಾವುದರಿಂದ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಗಿಡಮೂಲಿಕೆಯ ಹೆಸರಿನಲ್ಲಿ ಬರುವ ಶಕ್ತಿವರ್ಧಕ ಕ್ಯಾಪ್ಸೂಲುಗಳ ಬಗ್ಗೆ ತುಂಬ ಭಯಪಡಬೇಕು. ನುಂಗಿದ ಒಂದು ಗಂಟೆಯಲ್ಲಿ ಗುಣ ಕಂಡರೆ ಅದರೊಳಗೆ ನಿಮಿರುವಿಕೆಯ ಇಂಗ್ಲಿಷ್ ಮದ್ದಾದ ಸಿಲ್ಡೆನಾಫಿಲ್ ಬೆರೆಸಿದ್ದಾರೆಂದೇ ಸಂಶಯಪಡಿ. ಎದೆನೋವಿಗೆ ನಾಲಗೆಯಡಿ ಇಡುವ ನೈಟ್ರೇಟ್ ಮಾತ್ರೆ ಬಳಸುವವರು ಅದನ್ನು ತಿಂದರೆ ಬಿಪಿ ಒಮ್ಮೆಲೇ ಕುಸಿದು ಜೀವ ಹೋಗಬಹುದು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಮದ್ದಿನ ಜಾಹೀರಾತು ಕೊಡುವುದು 1954ರ ಕಾಯಿದೆಯ ಪ್ರಕಾರ ಅಪರಾಧ. ಸಿಲ್ಡೆನಾಫಿಲ್ ತಾನೇ ಕೆಟ್ಟ ಮದ್ದಲ್ಲ. ಹೃದಯ ನೋಡಿಸಿ, ವೈದ್ಯರು ಅಳತೆ ಹೇಳಿ ಬರೆದುಕೊಟ್ಟರೆ ನಾಚಿಕೆಪಡದೆ ತೆಗೆದುಕೊಳ್ಳಬಹುದು. ಗೊತ್ತಿಲ್ಲದೆ ನುಂಗುವುದರಲ್ಲಿ ಅಪಾಯ.

ನಿಮಿರುವಿಕೆ ನಿಲ್ಲಲು ಕಾಸು ಖರ್ಚಿಲ್ಲದ ಒಂದು ಅಭ್ಯಾಸವಿದೆ. ಮೂತ್ರವನ್ನು ನಡುವೆ ತಡೆಯುವಾಗ ಬಿಗಿಯುವ ಸ್ನಾಯುವನ್ನು ಗುರುತಿಸಿ, ಮೂತ್ರ ಮಾಡದ ಹೊತ್ತಿನಲ್ಲಿ ಐದರಿಂದ ಹತ್ತು ಸೆಕೆಂಡು ಬಿಗಿದು ಅಷ್ಟೇ ಹೊತ್ತು ಸಡಿಲಿಸಿ. ಒಮ್ಮೆಗೆ ಹತ್ತು ಸಲ, ದಿನಕ್ಕೆ ಮೂರು ಸಲ, ಮೂರು ತಿಂಗಳು. ಹೊಟ್ಟೆ, ತೊಡೆ ಬಿಗಿದರೆ ತಪ್ಪು ಮಾಡುತ್ತಿದ್ದೀರಿ. ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು, ಬೀಡಿ ಇದ್ದರೆ ಬಿಡಲೇಬೇಕು. ನಿಕೋಟಿನ್ ಅದೇ ಸಪೂರ ನಾಳವನ್ನು ಹಿಂಡುತ್ತದೆ, ಬೀಜದ ಪುಡಿ ಆ ಹಿಡಿತವನ್ನು ಬಿಡಿಸಲಾರದು.

ನಿಮ್ಮ ಬಳ್ಳಿಯ ಕಾಯಿ ಬಲಿಯಲು ಇನ್ನೂ ಎರಡು ತಿಂಗಳಾದರೂ ಬೇಕು. ಅಷ್ಟರಲ್ಲಿ ರಕ್ತ ಪರೀಕ್ಷೆ, ಎರಡನೇ ವೀರ್ಯ ಪರೀಕ್ಷೆ, ಕ್ಯಾಪ್ಸೂಲಿನ ಬದಲಾವಣೆ ಮೂರೂ ಮುಗಿಯುತ್ತವೆ. ಡೊಂಪೆರಿಡೋನ್ ಬಿಟ್ಟ ಆರೆಂಟು ವಾರದಲ್ಲಿ ಆಸೆ ತಾನಾಗಿ ಮರಳಿದರೆ ಬೀಜ ಬೇಯಿಸುವ ಅಗತ್ಯವೇ ಬಾರದಿರಬಹುದು. ಮರಳದಿದ್ದರೆ, ಪರೀಕ್ಷೆಗಳಲ್ಲಿ ಅಡ್ಡಿ ಏನೂ ಕಾಣದಿದ್ದರೆ, ವೈದ್ಯರಿಗೆ ತಿಳಿಸಿ ಜನವರಿಯ ಬಿಸಿಲಿನಲ್ಲಿ ಮೊದಲ 125 ಗ್ರಾಂ ತಯಾರಿಸಿ. ಮೂರು ತಿಂಗಳು ತಿಂದು ನಿಲ್ಲಿಸಿ, ವೀರ್ಯ ಮತ್ತು ಸಕ್ಕರೆಯನ್ನು ಮತ್ತೆ ಪರೀಕ್ಷೆ ಮಾಡಿಸಿ. ಸಂಖ್ಯೆ ಏರದಿದ್ದರೆ ಇನ್ನೂ ಮೂರು ತಿಂಗಳು ಅದನ್ನೇ ತಿನ್ನುತ್ತಾ ಕಾಲ ಕಳೆಯಬೇಡಿ. ನಿಮ್ಮ ಹೆಂಡತಿಯ ವಯಸ್ಸು ಮೂವತ್ತೈದು ದಾಟಿದ್ದರೆ ಇಬ್ಬರೂ ಈಗಲೇ ಒಟ್ಟಿಗೆ ಸಂತಾನ ತಜ್ಞರನ್ನು ಕಾಣಿ.